ಬರಹಗಾರರಿಗೆ ಸಲಹೆ: ‘ಕ್ರಮ ಕೈಗೊಳ್ಳಲಾಗಿದೆ’ ಎಂದರೆ ಕೈಗೊಂಡವರು ಯಾರು?

ಆತ್ಮೀಯರೇ,

‘ಅಂಗವಿಕಲರ ಹಕ್ಕುಗಳು: ಜಗತ್ತಿಗೆ ಭಾರತ ಕೊಟ್ಟ ಮಾತು’ ಎಂಬ ನಿಮ್ಮ ಲೇಖನ ತಲುಪಿತು. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆವು. ಆದರೆ ಈ ವಿಷಯದ ಮೇಲೆ ಕನ್ನಡದಲ್ಲಿ ಬರೆಯುವವರು ಕಡಿಮೆ. ಅದಕ್ಕೇ ‘ವಿಷಾದಿಸುತ್ತೇವೆ’ ಎಂದು ಒಂದು ಸಾಲು ಗೀಚಿ ಕೈತೊಳೆದುಕೊಳ್ಳದೆ, ಎಲ್ಲಿ ಎಡವಿದ್ದೀರಿ ಎಂದು ಬಿಡಿಸಿ ಹೇಳುತ್ತಿದ್ದೇವೆ. ಸ್ವಲ್ಪ ಖಾರವಾಗಿದ್ದರೆ ಸಹಿಸಿಕೊಳ್ಳಿ.

ಮೊದಲು ಭಾಷೆ. ‘ಕ್ರಮ ಕೈಗೊಳ್ಳಲಾಗಿದೆ’, ‘ಅರಿವು ಮೂಡಿಸಲಾಗುತ್ತಿದೆ’, ‘ಸೌಲಭ್ಯ ಕಲ್ಪಿಸಲಾಗುವುದು’ – ನಿಮ್ಮ ಎರಡನೇ ಪುಟವೊಂದರಲ್ಲೇ ಇಂಥವು ಒಂಬತ್ತಿವೆ. ಈ ‘ಲಾಗಿದೆ’ ಸರ್ಕಾರಿ ಕಡತದ ಭಾಷೆ. ದೇಶಗಳು ವಿಶ್ವಸಂಸ್ಥೆಗೆ ಕಳಿಸುವ ವರದಿಗಳ ಭಾಷೆಯೂ ಇದೇ. ಮಾಡಿದವರು ಯಾರು, ಯಾವಾಗ, ಎಷ್ಟು – ಮೂರಕ್ಕೂ ಉತ್ತರವಿರುವುದಿಲ್ಲ. ಮೇಲ್ವಿಚಾರಣೆ ಅನ್ನುವ ಕೆಲಸ ಹುಟ್ಟಿದ್ದೇ ಆ ಮೂರು ಪ್ರಶ್ನೆ ಕೇಳುವುದಕ್ಕೆ. ಅದರ ಬಗ್ಗೆ ಬರೆಯುವ ನೀವೇ ಕರ್ತೃವನ್ನು ಮರೆಮಾಚಿದರೆ ಹೇಗೆ?

ಇನ್ನು ತಪ್ಪುಗಳು. ‘ಭಾರತ 2007ರಿಂದ ನಿಯಮಿತವಾಗಿ ವರದಿ ಸಲ್ಲಿಸುತ್ತ ಬಂದಿದೆ’ ಎಂದು ಬರೆದಿದ್ದೀರಿ. ಎಲ್ಲಿಯ ನಿಯಮ! ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಗೆ ಭಾರತ ಸಹಿ ಹಾಕಿದ್ದು 2007ರ ಮಾರ್ಚ್ 30ರಂದು, ಅನುಮೋದಿಸಿದ್ದು ಅದೇ ವರ್ಷ ಅಕ್ಟೋಬರ್ 1ರಂದು. ಒಡಂಬಡಿಕೆ ಜಾರಿಗೆ ಬಂದದ್ದು 2008ರ ಮೇ 3ರಂದು. 35ನೇ ವಿಧಿಯ ಪ್ರಕಾರ ಮೊದಲ ವರದಿ ಎರಡು ವರ್ಷದೊಳಗೆ ಹೋಗಬೇಕು, ಆಮೇಲೆ ಕನಿಷ್ಠ ನಾಲ್ಕು ವರ್ಷಕ್ಕೊಮ್ಮೆ. ಹಾಗಾಗಿ ನಮ್ಮ ಮೊದಲ ವರದಿಯ ಗಡುವು 2010. ಹೋದದ್ದು 2015ರಲ್ಲಿ. ಜಿನೀವಾದಲ್ಲಿ, ದೇಶಗಳ ವರದಿಗಳನ್ನು ಪರಿಶೀಲಿಸುವ ಒಡಂಬಡಿಕೆಯ ಸಮಿತಿ ಅದನ್ನು ಎದುರಿಗಿಟ್ಟುಕೊಂಡು ಭಾರತದ ನಿಯೋಗದ ಜೊತೆ ಮಾತಾಡಿದ್ದು 2019ರ ಸೆಪ್ಟೆಂಬರ್‌ನಲ್ಲಿ. ಈ ತಡದಲ್ಲಿ ಐದು ವರ್ಷ ಸರ್ಕಾರದ್ದು, ಸುಮಾರು ನಾಲ್ಕು ವರ್ಷ ಸಮಿತಿಯ ಮುಂದಿದ್ದ ಸರತಿಯದು. ಎರಡನ್ನೂ ಬರೆಯಿರಿ, ಒಬ್ಬರ ತಲೆಗೇ ಕಟ್ಟಬೇಡಿ.

ಈ ತಡದಿಂದ ಇನ್ನೊಂದು ಎಡವಟ್ಟಾಗಿದೆ, ನೀವು ಗಮನಿಸಿಲ್ಲ. 2015ರ ವರದಿ ಬರೆದಾಗ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇನ್ನೂ ಹುಟ್ಟಿರಲಿಲ್ಲ. ಏಳು ಬಗೆಯ ಅಂಗವೈಕಲ್ಯವನ್ನಷ್ಟೇ ಗುರುತಿಸಿದ್ದ 1995ರ ಕಾಯ್ದೆಯೇ ಆಗಿನ ಆಧಾರ. ಹೊಸ ಕಾಯ್ದೆ 21 ಬಗೆಗಳನ್ನು ಗುರುತಿಸಿತು, 2017ರ ಏಪ್ರಿಲ್ 19ರಿಂದ ಜಾರಿಯಾಯಿತು. ಆದ್ದರಿಂದ ಭಾರತದ ವಿಚಾರದಲ್ಲಿ ಮೂಲ ವರದಿಯನ್ನಷ್ಟೇ ಓದಿ ಬರೆದರೆ ಹಳೆಯ ಪಂಚಾಂಗ ನೋಡಿ ಮುಹೂರ್ತ ಇಟ್ಟಂತೆ. ಸಮಿತಿ ಕಳಿಸಿದ ಪ್ರಶ್ನೆಗಳ ಪಟ್ಟಿ, ಅದಕ್ಕೆ ಸರ್ಕಾರ ಲಿಖಿತವಾಗಿ ಕೊಟ್ಟ ಉತ್ತರ, ಸಂಘಟನೆಗಳು ಪ್ರತ್ಯೇಕವಾಗಿ ಸಲ್ಲಿಸಿದ ಪರ್ಯಾಯ ವರದಿಗಳು, ಕೊನೆಗೆ 2019ರ ಅಕ್ಟೋಬರ್ 29ರ ದಿನಾಂಕ ಹೊತ್ತ ಸಮಿತಿಯ ಅಂತಿಮ ಅವಲೋಕನ – ಇವನ್ನು ಸಾಲಾಗಿ ಇಟ್ಟುಕೊಂಡು ಓದಬೇಕು. ಹುಡುಕುವುದು ಕಷ್ಟವಲ್ಲ. ದಾಖಲೆಯ ಸಂಕೇತದಲ್ಲಿ, ಒಡಂಬಡಿಕೆ ಮತ್ತು ಸಮಿತಿಯ ಇಂಗ್ಲಿಷ್ ಮೊದಲಕ್ಷರಗಳಾದ ‘ಸಿಆರ್‌ಪಿಡಿ/ಸಿ’ ಆದಮೇಲೆ ದೇಶದ ಮೂರಕ್ಷರ, ನಮಗೆ ‘ಐಎನ್‌ಡಿ’. ಮುಂದೆ ಬರೀ ‘1’ ಇದ್ದರೆ ದೇಶದ ಮೊದಲ ವರದಿ, ‘ಕ್ಯೂ’ ಇದ್ದರೆ ಪ್ರಶ್ನೆಗಳ ಪಟ್ಟಿ, ‘ಸಿಒ’ ಇದ್ದರೆ ಅಂತಿಮ ಅವಲೋಕನ. ಬೇರೆ ದೇಶದ್ದು ಬೇಕಾದರೆ ಆ ಮೂರಕ್ಷರ ಬದಲಿಸಿದರಾಯಿತು.

ಈ ಒಂದೊಂದು ಕಾಗದಕ್ಕೂ ಒಬ್ಬೊಬ್ಬ ಕರ್ತೃ, ಒಂದೊಂದು ಹಿತಾಸಕ್ತಿ. ನೀವು ನಾಲ್ಕನ್ನೂ ‘ವಿಶ್ವಸಂಸ್ಥೆಯ ವರದಿ’ ಎಂದು ಒಂದೇ ಮೂಟೆ ಕಟ್ಟಿದ್ದೀರಿ. ಸರ್ಕಾರ ತನ್ನ ಬಗ್ಗೆ ತಾನೇ ಹೇಳಿಕೊಂಡ ಮಾತೊಂದನ್ನು ನಾಲ್ಕನೇ ಪುಟದಲ್ಲಿ ‘ವಿಶ್ವಸಂಸ್ಥೆ ಶ್ಲಾಘಿಸಿದೆ’ ಎಂದು ಉಲ್ಲೇಖಿಸಿದ್ದೀರಿ. ಲೇಖನದ ಅತಿ ದೊಡ್ಡ ತಪ್ಪು ಇದು.

ಅದೇ ರೀತಿ ‘ವಿಶ್ವಸಂಸ್ಥೆ ಭಾರತಕ್ಕೆ ಆದೇಶಿಸಿತು’ ಎಂಬುದನ್ನೂ ತೆಗೆಯಿರಿ. ಸಮಿತಿಯಲ್ಲಿ 18 ತಜ್ಞರಿರುತ್ತಾರೆ. ಅವರನ್ನು ಆರಿಸುವುದು ಸದಸ್ಯ ದೇಶಗಳು, ಆದರೆ ಅವರು ಕೂರುವುದು ವೈಯಕ್ತಿಕ ನೆಲೆಯಲ್ಲಿ, ತಮ್ಮ ದೇಶದ ವಕೀಲರಾಗಿ ಅಲ್ಲ. ಅವರು ‘ಕಳವಳ’ ವ್ಯಕ್ತಪಡಿಸುತ್ತಾರೆ, ‘ಶಿಫಾರಸು’ ಮಾಡುತ್ತಾರೆ. ಈ ಎರಡು ಕ್ರಿಯಾಪದಗಳನ್ನು ಹಾಗೇ ಬಳಸಿ. ಇವಕ್ಕೆ ಬಲ ಬರುವುದು ದೇಶದೊಳಗಿನ ಕೋರ್ಟು, ಆಯುಕ್ತರು, ಪತ್ರಿಕೆ, ಸಂಘಟನೆಗಳು ಎತ್ತಿಕೊಂಡಾಗ.

ಐದನೇ ಪುಟದಲ್ಲಿ ‘ಅನ್ಯಾಯವಾದವರು ನೇರ ಜಿನೀವಾಕ್ಕೆ ದೂರು ಬರೆಯಬಹುದು’ ಎಂದಿದ್ದೀರಿ. ಇದನ್ನು ನಂಬಿ ಯಾರಾದರೂ ಹೊರಟರೆ ವರ್ಷಗಟ್ಟಲೆ ಕಾಲ ಹಾಳು. ವೈಯಕ್ತಿಕ ದೂರು, ವಿಶೇಷ ತನಿಖೆ ಎರಡೂ ಇರುವುದು ದೇಶಗಳು ಬೇಕೆಂದರೆ ಮಾತ್ರ ಒಪ್ಪಿಕೊಳ್ಳುವ ಪೂರಕ ಒಪ್ಪಂದದಲ್ಲಿ, ಅಂದರೆ ಐಚ್ಛಿಕ ಪ್ರೋಟೋಕಾಲ್‌ನಲ್ಲಿ; ಭಾರತ ಅದನ್ನು ಒಪ್ಪಿಕೊಂಡಿಲ್ಲ. ಒಪ್ಪಿಕೊಂಡಿದ್ದ ಬ್ರಿಟನ್ ಮೇಲೆ ಸಮಿತಿ ತನಿಖೆ ನಡೆಸಿ, ಸಾಮಾಜಿಕ ಭದ್ರತೆಯ ಕಡಿತಗಳಿಂದ ಅಂಗವಿಕಲರ ಹಕ್ಕುಗಳಿಗೆ ಗಂಭೀರ ಧಕ್ಕೆಯಾಗಿದೆ ಎಂದು 2016ರಲ್ಲಿ ವರದಿ ಕೊಟ್ಟಿತು. ಅಲ್ಲಿನ ಸರ್ಕಾರ ಅದನ್ನು ಒಪ್ಪಲಿಲ್ಲ, ಅದು ಬೇರೆ ಮಾತು. ನಮ್ಮ ಓದುಗರಿಗೆ ಇರುವ ದಾರಿ 2016ರ ಕಾಯ್ದೆಯದು: ಕೇಂದ್ರದ ಸಂಸ್ಥೆಯಾದರೆ ಮುಖ್ಯ ಆಯುಕ್ತರು, ರಾಜ್ಯದ್ದಾದರೆ ರಾಜ್ಯ ಆಯುಕ್ತರು. ಮುಖ್ಯ ಆಯುಕ್ತರು ಶಿಫಾರಸು ಮಾಡಿದರೆ ಸಂಬಂಧಪಟ್ಟ ಪ್ರಾಧಿಕಾರ ಮೂರು ತಿಂಗಳೊಳಗೆ ಏನು ಮಾಡಿತೆಂದು ತಿಳಿಸಬೇಕು, ಒಪ್ಪದಿದ್ದರೆ ಕಾರಣ ಕೊಡಬೇಕು, ದೂರುದಾರರಿಗೂ ಹೇಳಬೇಕು. ಇದು 76ನೇ ಸೆಕ್ಷನ್. ಈ ಮೂರು ತಿಂಗಳ ಮಾತನ್ನು ನೀವು ಬರೆದಿಲ್ಲ. ದೂರು ಕೊಡುವವರಿಗೆ ಬೇಕಾದದ್ದು ಇದೇ.

ಇಲ್ಲೇ ಒಡಂಬಡಿಕೆಯ 33ನೇ ವಿಧಿಯನ್ನೂ ತರಬೇಕಿತ್ತು. ಅದು ಮೂರು ಬೇರೆಬೇರೆ ಕೆಲಸ ಹಂಚುತ್ತದೆ. ಸರ್ಕಾರದೊಳಗೆ ಜಾರಿಯ ಹೊಣೆ ಹೊರುವವರು, ಸರ್ಕಾರದಿಂದ ಸ್ವತಂತ್ರವಾಗಿ ನಿಗಾ ಇಡುವವರು, ಇವೆರಡರ ಮೇಲೂ ಕಣ್ಣಿಡುವುದರಲ್ಲಿ ಪಾಲು ಪಡೆಯುವ ಅಂಗವಿಕಲರು ಮತ್ತು ಅವರ ಸಂಘಟನೆಗಳು. ಮೊದಲಿನವರೂ ಎರಡನೆಯವರೂ ಒಂದೇ ಆದರೆ ನಿಗಾ ಸತ್ತಂತೆ. ಭಾರತದಲ್ಲಿ ಮುಖ್ಯ ಆಯುಕ್ತರನ್ನು ನೇಮಿಸುವುದು ಕೇಂದ್ರ ಸರ್ಕಾರ. ಇಲಾಖೆಯ ಕಾರ್ಯದರ್ಶಿಯೇ ಆ ಹುದ್ದೆಯನ್ನು ಹೆಚ್ಚುವರಿಯಾಗಿ ನೋಡಿಕೊಂಡ ಅವಧಿಗಳೂ ಇವೆ. ಪರೀಕ್ಷೆ ಬರೆದವರೇ ಉತ್ತರಪತ್ರಿಕೆ ತಿದ್ದಿದ ಹಾಗೆ. ಯಾವ ದೇಶದ ಬಗ್ಗೆ ಬರೆಯುವಾಗಲೂ ಮೊದಲು ಈ ಹುದ್ದೆಯ ನೇಮಕ, ಸಂಬಳ, ಸಿಬ್ಬಂದಿ ಯಾರ ಕೈಯಲ್ಲಿದೆ ಎಂದು ನೋಡಿ. ಉಳಿದದ್ದು ಆಮೇಲೆ.

ಅಂಕಿಗಳಿಗೆ ಬರೋಣ. ‘ಜಗತ್ತಿನಲ್ಲಿ ಶೇ 16, ಭಾರತದಲ್ಲಿ ಶೇ 2.21, ಅಂದರೆ ನಮ್ಮಲ್ಲಿ ಅಂಗವೈಕಲ್ಯ ಏಳು ಪಟ್ಟು ಕಡಿಮೆ’ ಎಂದು ಸಂತೋಷಪಟ್ಟಿದ್ದೀರಿ. ಎರಡೂ ಅಂಕಿ ಸರಿ, ಹೋಲಿಕೆ ತಪ್ಪು. ಮೊದಲನೆಯದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಎರಡನೆಯದು 2011ರ ಜನಗಣತಿಯದು, 2.68 ಕೋಟಿ ಜನ. ಗಣತಿದಾರರು ಮನೆಬಾಗಿಲಲ್ಲಿ ನಿಂತು ‘ಮನೆಯಲ್ಲಿ ಯಾರಾದರೂ ಅಂಗವಿಕಲರಿದ್ದಾರೆಯೇ’ ಎಂದು ಕೇಳಿದರೆ, ಮಗಳ ಮದುವೆ ನೆನಪಾಗಿ ‘ಇಲ್ಲ’ ಅನ್ನುವವರಿದ್ದಾರೆ. ಅಜ್ಜಿಗೆ ಕಣ್ಣು ಕಾಣದಿದ್ದರೆ ‘ವಯಸ್ಸಾಯ್ತಲ್ಲ’ ಎಂದು ಬಿಡುವವರಿದ್ದಾರೆ. ಬುದ್ಧಿಮಾಂದ್ಯ, ಮಾನಸಿಕ ಅಸ್ವಸ್ಥತೆಯ ಮಾತಂತೂ ಹೊಸ್ತಿಲು ದಾಟುವುದಿಲ್ಲ.

ಅಂಗವೈಕಲ್ಯದ ಅಂಕಿಅಂಶಕ್ಕಾಗಿಯೇ ಇರುವ ಅಂತರರಾಷ್ಟ್ರೀಯ ತಂಡವಾದ ವಾಷಿಂಗ್ಟನ್ ಗುಂಪಿನ ಕಿರು ಪ್ರಶ್ನಾವಳಿ ಈ ತೊಡಕನ್ನು ತಪ್ಪಿಸುತ್ತದೆ. ‘ಅಂಗವಿಕಲ’ ಎಂಬ ಪದವನ್ನೇ ಅದು ಎತ್ತುವುದಿಲ್ಲ. ಕಾಣುವುದು, ಕೇಳುವುದು, ನಡೆಯುವುದು ಅಥವಾ ಮೆಟ್ಟಿಲು ಹತ್ತುವುದು, ನೆನಪಿಡುವುದು ಅಥವಾ ಗಮನವಿಡುವುದು, ಸ್ನಾನ–ಬಟ್ಟೆಯಂಥ ಸ್ವಂತ ಕೆಲಸ, ಮಾತು ಅರ್ಥವಾಗುವುದು–ಅರ್ಥ ಮಾಡಿಸುವುದು. ಆರು ಪ್ರಶ್ನೆ, ಪ್ರತಿಯೊಂದಕ್ಕೂ ನಾಲ್ಕು ಉತ್ತರ: ತೊಂದರೆಯಿಲ್ಲ, ಸ್ವಲ್ಪ ತೊಂದರೆ, ತುಂಬಾ ತೊಂದರೆ, ಆಗುವುದೇ ಇಲ್ಲ. ಒಂದರಲ್ಲಾದರೂ ‘ತುಂಬಾ’ ಅಥವಾ ‘ಆಗುವುದೇ ಇಲ್ಲ’ ಎಂದವರನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಗೆರೆಯನ್ನು ‘ಸ್ವಲ್ಪ’ಕ್ಕೆ ಎಳೆದರೆ ಸಂಖ್ಯೆ ಒಮ್ಮೆಗೇ ಉಬ್ಬುತ್ತದೆ. ಆದ್ದರಿಂದ ಅಂಗವೈಕಲ್ಯದ ಯಾವುದೇ ಶೇಕಡಾವಾರು ಬರೆಯುವಾಗ ಯಾವ ಪ್ರಶ್ನೆ, ಯಾವ ಗೆರೆ, ಯಾವ ವರ್ಷ – ಮೂರೂ ಪಕ್ಕದಲ್ಲಿರಬೇಕು. ಆರೂ ಪ್ರಶ್ನೆಗಳಿಗೆ ಸಿಗದವರೂ ಇದ್ದಾರೆ: ಮಾನಸಿಕ ಅಸ್ವಸ್ಥತೆಯಿರುವ ಎಷ್ಟೋ ಮಂದಿ, ಚಿಕ್ಕ ಮಕ್ಕಳು. ಮಕ್ಕಳಿಗೆ ಬೇರೆ ಪ್ರಶ್ನಾವಳಿ ಇದೆ. ಕರ್ನಾಟಕದ 13,24,205 ಎಂಬ ಅಂಕಿಯೂ ಅದೇ 2011ರ ಗಣತಿಯದು. ಅದನ್ನು ‘ಇಂದು ರಾಜ್ಯದಲ್ಲಿರುವ ಅಂಗವಿಕಲರು’ ಎಂದು ಬರೆಯಬೇಡಿ.

ಪದಗಳ ಬಗ್ಗೆ ಒಂದು ಮಾತು. ಒಂದೇ ಲೇಖನದಲ್ಲಿ ಅಂಗವಿಕಲ, ವಿಕಲಚೇತನ, ವಿಶೇಷಚೇತನ, ದಿವ್ಯಾಂಗ – ನಾಲ್ಕೂ ಬಂದಿವೆ. ಇಲಾಖೆಯ ಹೆಸರು ಹೇಳುವಾಗ ಇಲಾಖೆ ಬಳಸುವ ಪದವನ್ನೇ ಹಾಕಿ, ಉಳಿದೆಡೆ ಒಂದಕ್ಕೆ ಅಂಟಿಕೊಳ್ಳಿ. ‘ದಿವ್ಯಾಂಗ’ ವಿವಾದಿತ ಪದ ಎಂದು 2019ರ ಅವಲೋಕನದಲ್ಲೇ ಇದೆ. ಅದನ್ನು ಓದಿದ್ದೇನೆ ಎನ್ನುವ ಲೇಖಕರು ಶೀರ್ಷಿಕೆಯ ಕೆಳಗೇ ಅದನ್ನು ಬಳಸಿದ್ದು ನಮಗೆ ಅಚ್ಚರಿ.

ಹಾಗಾದರೆ ತಿದ್ದುವುದು ಹೇಗೆ? ಒಡಂಬಡಿಕೆಯ 50 ವಿಧಿಗಳನ್ನೂ ಮುಟ್ಟಿ ಹೋಗುವ ಆಸೆ ಬಿಡಿ. ನಿಮ್ಮ ಲೇಖನದಲ್ಲಿ ಜೀವ ಇರುವುದು ಕೊನೆಯ ಪ್ಯಾರಾದಲ್ಲಿ: ತಾಲ್ಲೂಕು ಕಚೇರಿಯ ಒಳಗೆ ಹೋಗಲಾಗದೆ, ಕೆಳಗಿನ ಮೆಟ್ಟಿಲ ಮೇಲೆ ಕೂತು ಅರ್ಜಿ ಕೊಟ್ಟು ಬಂದವರ ಪ್ರಸಂಗ. ಅದನ್ನು ಮೊದಲಿಗೆ ತನ್ನಿ. ಅಲ್ಲಿಂದ 9ನೇ ವಿಧಿ, ಅಂದರೆ ಸುಗಮ ಪ್ರವೇಶ, ಅದೊಂದನ್ನೇ ಹಿಡಿದು ಜಿನೀವಾ ತನಕ ಹೋಗಿ.

ಮಾನವ ಹಕ್ಕುಗಳ ಸೂಚಕಗಳನ್ನು ರಚನೆ, ಪ್ರಕ್ರಿಯೆ, ಫಲಿತಾಂಶ ಎಂದು ಮೂರಾಗಿ ವಿಂಗಡಿಸುತ್ತಾರೆ. ಕಾನೂನು ಇದೆಯೇ ಎಂಬುದು ರಚನೆ. 2016ರ ಕಾಯ್ದೆಯ 40ನೇ ಸೆಕ್ಷನ್ ಪ್ರವೇಶದ ಮಾನದಂಡಗಳನ್ನು ರೂಪಿಸಲು ಹೇಳುತ್ತದೆ. 45ನೇ ಸೆಕ್ಷನ್ ಹಳೆಯ ಸಾರ್ವಜನಿಕ ಕಟ್ಟಡಗಳಿಗೆ ನಿಯಮ ಪ್ರಕಟವಾದ ದಿನದಿಂದ ಐದು ವರ್ಷ ಕೊಡುತ್ತದೆ. ನಿಯಮ ಪ್ರಕಟವಾದದ್ದು 2017ರ ಜೂನ್‌ನಲ್ಲಿ, ಹಾಗಾಗಿ ಗಡುವು 2022ಕ್ಕೇ ಮುಗಿದಿದೆ. ಇಷ್ಟಾಗಿಯೂ 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅವೇ ನಿಯಮಗಳಲ್ಲಿನ 15(1)ನೇ ನಿಯಮ ಮೂಲ ಕಾಯ್ದೆಗೆ ಹೊಂದುವುದಿಲ್ಲ ಎಂದಿತು. ಕಾಯ್ದೆ ಕಡ್ಡಾಯದ ಮಾತಾಡುತ್ತಿದ್ದರೆ ನಿಯಮ ಬರೀ ಮಾರ್ಗಸೂಚಿಗಳ ಕಡೆ ಬೆರಳು ತೋರಿಸುತ್ತಿತ್ತು. ಕಡ್ಡಾಯ ನಿಯಮ ರೂಪಿಸಲು ಕೋರ್ಟ್ ಮೂರು ತಿಂಗಳು ಕೊಟ್ಟಿತು. ‘ನಮ್ಮಲ್ಲಿ ಕಾನೂನಿದೆ’ ಎಂಬ ಉತ್ತರ ಎಷ್ಟು ಟೊಳ್ಳಾಗಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಪ್ರಕ್ರಿಯೆ ಎಂದರೆ ಎಷ್ಟು ಕಟ್ಟಡಗಳ ತಪಾಸಣೆ, ಎಷ್ಟು ಹಣ, ಎಷ್ಟು ಕೆಲಸ. ದೇಶಗಳ ವರದಿಗಳು ಹೆಚ್ಚಾಗಿ ಇಲ್ಲಿಗೇ ನಿಲ್ಲುತ್ತವೆ. ಫಲಿತಾಂಶ ನೋಡಲು ಟೇಪು ಹಿಡಿಯಬೇಕು. ಇಳಿಜಾರಿನ ಅಳತೆ ಒಂದಕ್ಕೆ ಹನ್ನೆರಡು: 15 ಸೆಂ.ಮೀ. ಎತ್ತರದ ಮೂರು ಮೆಟ್ಟಿಲೆಂದರೆ 45 ಸೆಂ.ಮೀ., ಅದಕ್ಕೆ 5.4 ಮೀಟರ್ ಉದ್ದದ ಇಳಿಜಾರು ಬೇಕು. ಜಾಗವಿಲ್ಲವೆಂದು ಎರಡು ಮೀಟರ್‌ನಲ್ಲಿ ಸಿಮೆಂಟು ಸುರಿದರೆ ಗಾಲಿಕುರ್ಚಿ ಹಿಂದಕ್ಕೆ ಉರುಳುತ್ತದೆ, ಆದರೆ ತಪಾಸಣೆಯ ನಮೂನೆಯಲ್ಲಿ ‘ರ‍್ಯಾಂಪ್ ಇದೆ’ ಎಂಬ ಕಡೆ ಟಿಕ್ ಬೀಳುತ್ತದೆ. ಆ ಟಿಕ್ ಜಿಲ್ಲೆಯಲ್ಲಿ ಕೂಡಿ, ರಾಜ್ಯದಲ್ಲಿ ಕೂಡಿ, ದೆಹಲಿಯಲ್ಲಿ ಒಟ್ಟು ಮೊತ್ತವಾಗಿ ಜಿನೀವಾಕ್ಕೆ ಹೋಗುತ್ತದೆ. ನೀವು ಆ ಕಚೇರಿಗೇ ಹೋಗಿ ಎತ್ತರ, ಉದ್ದ, ಅಗಲ ಅಳೆದು ಬನ್ನಿ. ಶೌಚಾಲಯಕ್ಕೆ ಬೀಗ ಹಾಕಿದೆಯೇ, ಕೀಲಿ ಯಾರ ಬಳಿ ಇದೆ ಎಂಬುದನ್ನೂ ಕೇಳಿ.

ಇನ್ನೊಂದು ದಾರಿ ಗ್ರಾಮ ಪಂಚಾಯಿತಿ. ಕರ್ನಾಟಕದಲ್ಲಿ ಸ್ಥಳೀಯ ಸಂಸ್ಥೆಗಳು ಶೇ 5ರಷ್ಟು ಹಣವನ್ನು ಅಂಗವಿಕಲರಿಗಾಗಿ ಮೀಸಲಿಡಬೇಕು. ಮೀಸಲಿಟ್ಟದ್ದೆಷ್ಟು, ಖರ್ಚಾದದ್ದೆಷ್ಟು, ಯಾವ ಬಾಬ್ತಿಗೆ ಎಂದು ಮಾಹಿತಿ ಹಕ್ಕಿನಡಿ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಇದು ತಪ್ಪಿದರೆ ಅರ್ಜಿ ಹಾಗೇ ವಾಪಸಾಗಬಹುದು. ಊರಿನ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನೂ ಮಾತಾಡಿಸಿ. ಎಲ್ಲರೂ ಅವರನ್ನು ‘ವಿಆರ್‌ಡಬ್ಲ್ಯು’ ಎಂದೇ ಕರೆಯುವುದು. ಯಾರ ಮನೆಯಲ್ಲಿ ಯಾರಿದ್ದಾರೆ ಎಂಬುದು ಗಣತಿಯ ಪುಸ್ತಕಕ್ಕಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ತಿದ್ದಿದ ಪ್ರತಿ 1,500 ಪದ ಮೀರದಿರಲಿ. ವಿಶ್ವಸಂಸ್ಥೆಯೇ ದೇಶದ ಮೊದಲ ವರದಿಗೆ 31,800 ಪದ, ಮುಂದಿನವಕ್ಕೆ 21,200 ಪದ ಎಂದು ಮಿತಿ ಹಾಕಿದೆ. ನಿಮ್ಮದು ಈಗ 4,000 ದಾಟಿದೆ. ಮೆಟ್ಟಿಲ ಮೇಲೆ ಕೂತವರ ಒಪ್ಪಿಗೆ ಪಡೆದು, ಅವರು ಬೇಡವೆಂದರೆ ಹೆಸರೂ ಊರೂ ಬಿಟ್ಟು ಬರೆಯಿರಿ. ಅವರ ಮಾತೇ ಒಂದೆರಡು ಸಾಲು ಬರಲಿ. ಸದ್ಯ ಅವರ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಅವರೊಬ್ಬರನ್ನು ಬಿಟ್ಟು. ಅಳತೆಗಳನ್ನು ಬೇರೆ ಹಾಳೆಯಲ್ಲಿ ಕಳಿಸಿದರೆ ಪುಟ ಕಟ್ಟುವಾಗ ನಮಗೆ ಅನುಕೂಲ.

– ಸಂಪಾದಕ ಬಳಗ