ಪ್ರತಿಕ್ರಿಯೆ: ಎಲ್ಲ ಸ್ನಾಯುಗಳೂ ರಕ್ತದ ಕೊಬ್ಬನ್ನು ಒಂದೇ ತರ ಒಡೆಯುತ್ತವೆಯೇ?

ರಕ್ತದ ಟ್ರೈಗ್ಲಿಸರೈಡ್ ಎಂಬ ಕೊಬ್ಬನ್ನು ಒಡೆಯುವ ಕಿಣ್ವ ಲೈಪೊಪ್ರೋಟೀನ್ ಲೈಪೇಸ್ ಕಾಲಿನಲ್ಲೂ ತೋಳಿನಲ್ಲೂ ಒಂದೇ ಮಟ್ಟದಲ್ಲಿ ಇರುತ್ತದಾ ಎಂದು ಕೇಳಿದ್ದೀರಿ. ಇಲ್ಲ, ವ್ಯತ್ಯಾಸ ಚೆನ್ನಾಗಿಯೇ ಇದೆ.

ಈ ಕಿಣ್ವ ತಯಾರಾಗುವುದು ಸ್ನಾಯು ಕೋಶದೊಳಗೆ, ಕೆಲಸ ಮಾಡುವುದು ಮಾತ್ರ ಪಕ್ಕದ ಲೋಮನಾಳದ (ಅತಿ ಸಣ್ಣ ರಕ್ತನಾಳ) ಒಳಗೋಡೆಯ ಮೇಲೆ. ಅಲ್ಲಿಗೆ ಅದನ್ನು ದಾಟಿಸಿ ಹಿಡಿದಿಡುವುದು ಜಿಪಿಐಎಚ್‌ಬಿಪಿ1 ಎಂಬ ಪ್ರೋಟೀನ್. ನನಗೆ ತುಂಬಾ ಇಷ್ಟವಾದ ಏರ್ಪಾಡು ಇದು: ಯಾವ ಸ್ನಾಯುವಿಗೆ ಕೊಬ್ಬು ಬೇಕೋ ಅದೇ ತನ್ನ ನಾಳದಲ್ಲಿ ಬಾಗಿಲು ತೆರೆಯುತ್ತದೆ.

ಸ್ನಾಯುವಿನಲ್ಲಿ ನಿಧಾನವಾಗಿ ಸಂಕುಚಿಸುವ ಕೆಂಪು ತಂತುಗಳು ಕೊಬ್ಬನ್ನು ಹೆಚ್ಚು ಉರಿಸುತ್ತವೆ. ಅವುಗಳ ಸುತ್ತ ಲೋಮನಾಳಗಳೂ ಜಾಸ್ತಿ, ಕಿಣ್ವವೂ ಸಾಮಾನ್ಯವಾಗಿ ಜಾಸ್ತಿ. ಮೀನಖಂಡದ ಒಳಗಿರುವ ಸೋಲಿಯಸ್ ಸ್ನಾಯುವಿನಲ್ಲಿ ಇಂಥ ತಂತುಗಳೇ ಬಹುಪಾಲು. ನಾವು ನಿಂತಾಗಲೆಲ್ಲ ಅದು ದುಡಿಯುತ್ತಿರುತ್ತದೆ ಅಲ್ವಾ! ತೊಡೆಯ ವಾಸ್ಟಸ್ ಲ್ಯಾಟರಾಲಿಸ್‌ನಲ್ಲಿ ಸುಮಾರು ಅರ್ಧ. ತೋಳಿನ ಹಿಂಭಾಗದ ಟ್ರೈಸೆಪ್ಸ್‌ನಲ್ಲಿ ಇನ್ನೂ ಕಡಿಮೆ.

ಆದರೆ ತಂತುವಿನ ಬಗೆಯೊಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ. ಒಂದೇ ಕಾಲಿಗೆ ವ್ಯಾಯಾಮ ಕೊಟ್ಟು ನೋಡಿದಾಗ, ಪಳಗಿದ ಕಾಲಿನಲ್ಲಿ ಈ ಕಿಣ್ವದ ಚಟುವಟಿಕೆ ಹೆಚ್ಚಿತ್ತು. ಅದೇ ವ್ಯಕ್ತಿ, ಅದೇ ಊಟ, ಅದೇ ರಕ್ತ, ಅದರಲ್ಲಿ ಹರಿಯುವ ಹಾರ್ಮೋನುಗಳೂ ಅವೇ! ಹಾಗಾಗಿ ವ್ಯತ್ಯಾಸಕ್ಕೆ ಹಾರ್ಮೋನು ಒಂದನ್ನೇ ಕಾರಣ ಎನ್ನಲಾಗದು.

ಈ ಕಿಣ್ವದ ಬಗ್ಗೆ ನೀವು ಓದುವ ವರದಿಯಲ್ಲಿ ಬಯಾಪ್ಸಿ (ಪರೀಕ್ಷೆಗೆ ಸ್ನಾಯುವಿನ ಸಣ್ಣ ಚೂರು) ಎಲ್ಲಿಂದ ತೆಗೆದಿದ್ದಾರೆ ಎಂದು ಮೊದಲು ನೋಡಿ. ಹೆಚ್ಚಾಗಿ ತೊಡೆಯಿಂದಲೇ ತೆಗೆಯುತ್ತಾರೆ. ಅಲ್ಲಿ ಸಿಕ್ಕ ಕಿಣ್ವದ ಮಟ್ಟವನ್ನು ತೋಳಿಗೆ ಸುಮ್ನೆ ಅನ್ವಯಿಸಬೇಡಿ.