ನಿಮ್ಮ ಲೇಖನದಲ್ಲಿ ಯಾರೂ ಜಗಳ ಆಡುವುದಿಲ್ಲ

ನಮಸ್ಕಾರ,

ಕೊರಿಯಾ ಮತ್ತು ಟರ್ಕಿ ಜನರ ಗೆಳೆತನದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ವಿಷಯ ಚೆನ್ನಾಗಿದೆ, ನೀವು ಓದಿಕೊಂಡೂ ಇದ್ದೀರಿ. ಅದಕ್ಕೇ ಎರಡು ಸಾಲಿನ ವಿಷಾದ ಪತ್ರ ಬರೆಯದೆ ವಿವರವಾಗಿ ಬರೆಯುತ್ತಿದ್ದೇನೆ. ಸ್ವಲ್ಪ ಖಾರ ಅನ್ನಿಸಿದರೆ ಸಹಿಸಿಕೊಳ್ಳಿ.

ಮೊದಲ ಎರಡು ಪುಟ ತೆಗೆದುಬಿಡಿ. ಕೊರಿಯಾದ ಪ್ರಾಚೀನ ಗೋಗುರ್ಯೊ ರಾಜ್ಯ ಮತ್ತು ಹಳೆಯ ತುರ್ಕಿ ದೊರೆಗಳಾದ ಖಗಾನರು ಚೀನಾದ ವಿರುದ್ಧ ಒಂದಾಗಿದ್ದರು, ಹಾಗಾಗಿ ಎರಡೂ ಜನ ಒಂದೇ ರಕ್ತ ಅಂತ ಶುರು ಮಾಡಿದ್ದೀರಿ. 607ರಲ್ಲಿ ಖಗಾನನ ಡೇರೆಯಲ್ಲಿ ಗೋಗುರ್ಯೊದ ದೂತ ಚೀನಾದ ಚಕ್ರವರ್ತಿಯ ಕಣ್ಣಿಗೆ ಬಿದ್ದದ್ದು ನಿಜ, ಮಜವಾದ ಪ್ರಸಂಗವೂ ಹೌದು. ಆದರೆ 551ರಲ್ಲಿ ಇದೇ ತುರ್ಕರು ಗೋಗುರ್ಯೊ ಮೇಲೆ ದಾಳಿ ಮಾಡಿದ್ದರು ಅಂತ ಕೊರಿಯಾದ ಹಳೆಯ ಚರಿತ್ರೆಯೇ ಹೇಳುತ್ತದೆ. ಅದನ್ನು ಬಿಟ್ಟಿದ್ದೀರಿ. ಕೊರಿಯನ್, ಟರ್ಕಿಶ್ ಎರಡು ಭಾಷೆಗಳೂ ಒಂದೇ ಕುಟುಂಬದವು ಅನ್ನುವ ಮಾತನ್ನು ಇವತ್ತು ಹೆಚ್ಚಿನ ಭಾಷಾ ವಿದ್ವಾಂಸರು ಒಪ್ಪುವುದಿಲ್ಲ. ಅಷ್ಟಕ್ಕೂ 1950ರಲ್ಲಿ ಕೊರಿಯಾ ಯುದ್ಧಕ್ಕೆ ಹಡಗು ಹತ್ತಿದ ಟರ್ಕಿಯ ಅನಾತೋಲಿಯಾದ ಹಳ್ಳಿ ಹುಡುಗರು ಗೋಗುರ್ಯೊವನ್ನು ನೆನೆಸಿಕೊಂಡು ಹೊರಟವರಲ್ಲ.

ಇಡೀ ಲೇಖನದ ತೊಂದರೆಯೂ ಇದೇ. ಕೆಟ್ಟದ್ದು, ಕಹಿಯಾದದ್ದು, ಲೆಕ್ಕಾಚಾರದ್ದು ಎಲ್ಲವನ್ನೂ ಒರೆಸಿದ್ದೀರಿ. ಓದಿದರೆ ರಾಯಭಾರ ಕಚೇರಿಯ ಕರಪತ್ರದ ಹಾಗಿದೆ.

ಕೊರಿಯಾ ಯುದ್ಧದ ಕುನು-ರಿ ಕಾಳಗದ ಭಾಗ ನೋಡಿ. "ವೀರ ಟರ್ಕಿ ಯೋಧರು ಬಂದರು, ಹೋರಾಡಿದರು, ಕೊರಿಯಾದ ಮನ ಗೆದ್ದರು" ಅಂತ ಒಂದೇ ಉಸಿರಿನಲ್ಲಿ ಮುಗಿಸಿದ್ದೀರಿ. ಅಲ್ಲಿ ನಡೆದದ್ದು ಇಷ್ಟು ಸಲೀಸಾಗಿರಲಿಲ್ಲ. ದಕ್ಷಿಣ ಕೊರಿಯಾದ ಪರ ಹೋರಾಡಲು ಟರ್ಕಿಯ ಸೇನಾಧಿಕಾರಿ ತಹ್ಸಿನ್ ಯಾಜಿಜಿ ಅವರ ಸುಮಾರು 5,000 ಜನರ ದಳ 1950ರ ಅಕ್ಟೋಬರಿನಲ್ಲಿ ಬೂಸಾನ್‌ಗೆ ಬಂದಿಳಿಯಿತು. ಮುಂದಿನ ತಿಂಗಳ ಕೊನೆಗೇ, ಉತ್ತರ ಕೊರಿಯಾದ ಪರ ಬಂದ ಚೀನಾದ ದೊಡ್ಡ ದಾಳಿಗೆ ಎದುರಾಯಿತು. ಅಮೆರಿಕನ್ನರ ಇಂಗ್ಲಿಷ್ ಆದೇಶಗಳನ್ನು ಅರ್ಥ ಮಾಡಿಕೊಳ್ಳಬಲ್ಲವರು ದಳದಲ್ಲಿ ಕೆಲವರೇ. ವಾವೊನ್ ಎಂಬಲ್ಲಿ ಮೊದಲ ಜಯ ಸಿಕ್ಕಿತು, ನೂರಾರು ಚೀನೀಯರು ಸೆರೆಸಿಕ್ಕರು ಅಂತ ಸುದ್ದಿ ಹೋಯಿತು. ಸಿಕ್ಕವರು ಚೀನೀಯರಲ್ಲ, ಸೋತು ಹಿಂದೆ ಓಡಿಬರುತ್ತಿದ್ದ ದಕ್ಷಿಣ ಕೊರಿಯಾದ ಸೈನಿಕರು ಅಂತ ಅಮೆರಿಕದ ಯುದ್ಧ ಇತಿಹಾಸಕಾರರು ಬರೆದಿದ್ದಾರೆ. ಅದಾದ ಮೇಲೆ ಅದೇ ದಳ ಚೀನೀಯರ ಎದುರು ಅಪಾರ ಸಾವುನೋವು ಅನುಭವಿಸಿತು. ಇವತ್ತು ಬೂಸಾನ್‌ನ ವಿಶ್ವಸಂಸ್ಥೆ ಸ್ಮಶಾನದಲ್ಲಿ ಟರ್ಕಿಯವರ 462 ಸಮಾಧಿಗಳಿವೆ. ಈ ಗೆಳೆತನ ಹೀಗೆ ಎಡವಟ್ಟಾಗಿ ಶುರುವಾಯಿತು ಅಂತ ಬರೆಯಲು ಯಾಕೆ ಹೆದರಿಕೆ? ನನಗಂತೂ ಈ ಭಾಗ ಇಲ್ಲದೆ ಆ 462 ಬರೀ ಒಂದು ಅಂಕಿಯಾಗಿ ಕಾಣುತ್ತದೆ.

ಈ ಸೈನಿಕರನ್ನು ಕಳಿಸಿದ್ದು ಯಾರು, ಯಾಕೆ ಅನ್ನುವುದೂ ನಿಮ್ಮಲ್ಲಿ ಇಲ್ಲ. ಟರ್ಕಿಯ ಪ್ರಧಾನಿ ಮೆಂಡೆರೆಸ್ ಸರ್ಕಾರ ಸಂಸತ್ತನ್ನು ಕೇಳದೆ ತೀರ್ಮಾನ ಮಾಡಿತು. ಅಮೆರಿಕ ಮುಂದಾಳಾಗಿರುವ ಸೇನಾ ಒಕ್ಕೂಟ ನ್ಯಾಟೋ ಸೇರುವ ಆಸೆ ಇತ್ತು. 1952ರ ಫೆಬ್ರವರಿಯಲ್ಲಿ ಅದು ಈಡೇರಿತು. ಸೈನ್ಯ ಕಳಿಸುವುದು ತಪ್ಪು ಅಂತ ಕರಪತ್ರ ಹಂಚಿದ ಸಮಾಜಶಾಸ್ತ್ರಜ್ಞೆ ಬೆಹಿಜೆ ಬೊರಾನ್ ಜೈಲಿಗೆ ಹೋದರು. ಇದನ್ನು ಬರೆದರೆ ಸೈನಿಕರ ಗೌರವ ಕಡಿಮೆಯಾಗುತ್ತದೆ ಅಂದುಕೊಂಡಿರಾ? ಸರ್ಕಾರದ ಲೆಕ್ಕ ಬೇರೆ, ದಕ್ಷಿಣ ಕೊರಿಯಾದ ಸುವೊನ್ ಊರಿನಲ್ಲಿ ಆ ಸೈನಿಕರು ಮಾಡಿದ್ದು ಬೇರೆ. ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ ಅನಾಥ ಮಕ್ಕಳಿಗಾಗಿ ಅವರು ಅಲ್ಲಿ ಒಂದು ಶಾಲೆ ತೆರೆದರು, ಅಂಕಾರಾ ಅಂತ ಹೆಸರಿಟ್ಟರು. ನಿಮ್ಮ ಲೇಖನದಲ್ಲಿ ಇದಕ್ಕೆ ಸಿಕ್ಕಿರುವುದು ಅರ್ಧ ಸಾಲು! ಖಗಾನರಿಂದ ಉಳಿಸಿದ ಎರಡೂ ಪುಟ ಇದಕ್ಕೆ ಕೊಡಿ. ಮಕ್ಕಳು ಎಲ್ಲಿಂದ ಬಂದರು, ಯಾರು ಪಾಠ ಹೇಳಿದರು, ಏನು ತಿಂದರು, ಹುಡುಕಿ ಬರೆಯಿರಿ.

ಟರ್ಕಿಯ ಸೈನಿಕ ಸುಲೇಮಾನ್ ಮತ್ತು ಅವರಿಗೆ ಸಿಕ್ಕ ಕೊರಿಯಾದ ಅನಾಥ ಮಗು ಐಲಾ ಪ್ರಸಂಗ ಬೇಕೇ ಬೇಕು. ಆದರೆ ನೀವು ಬರೆದಿರುವ ಸಂಭಾಷಣೆಗಳು ಬೇಡ. ಹೆಣಗಳ ನಡುವೆ ಮಗು ಸಿಕ್ಕ ರಾತ್ರಿ ಸುಲೇಮಾನ್ ಏನಂದರು ಅಂತ ಅರ್ಧ ಪುಟ ಬರೆದಿದ್ದೀರಿ. ನೀವು ಅಲ್ಲಿರಲಿಲ್ಲ, ಅಲ್ವಾ? ಅದು 2017ರ ಸಿನಿಮಾದಿಂದ ಇಳಿದು ಬಂದದ್ದು ಅಂತ ಓದಿದ ಕೂಡಲೇ ಗೊತ್ತಾಗುತ್ತದೆ. ಒಬ್ಬ ಸೈನಿಕ ಆ ಮಗುವನ್ನು ಸಾಕಿದ, ಅವನ ದಳ ಊರಿಗೆ ಹೊರಟಾಗ ಬಿಟ್ಟುಹೋಗಬೇಕಾಯಿತು, 2010ರಲ್ಲಿ ಇಬ್ಬರೂ ಮುದಿವಯಸ್ಸಿನಲ್ಲಿ ಮತ್ತೆ ಭೇಟಿಯಾದರು. ಇಷ್ಟನ್ನು ನೇರವಾಗಿ ಹೇಳಿ ಸಾಕು. "ಕಣ್ಣೀರ ಕೋಡಿ"ಯನ್ನು ಓದುಗರಿಗೆ ಬಿಡಿ.

2002ರ ಫುಟ್‌ಬಾಲ್ ವಿಶ್ವಕಪ್ ಬಗ್ಗೆ ನೀವು ಬರೆದದ್ದರಲ್ಲಿ ಜೀವ ಇದೆ. ಕೊರಿಯಾದ ದೇಗುವಿನಲ್ಲಿ ಮೂರನೇ ಸ್ಥಾನಕ್ಕಾಗಿ ಕೊರಿಯಾ-ಟರ್ಕಿ ಆಟ, ಹನ್ನೊಂದನೇ ಸೆಕೆಂಡಿಗೇ ಟರ್ಕಿಯ ಹಕಾನ್ ಶುಕುರ್ ಗೋಲು, ಕೊರಿಯಾ 3-2ರಲ್ಲಿ ಸೋತ ಮೇಲೂ ಎರಡೂ ತಂಡ ಕೈ ಕೈ ಹಿಡಿದು ಪ್ರೇಕ್ಷಕರಿಗೆ ನಮಿಸಿದ್ದು. ಸರಿ. ಆದರೆ ಅದೇ ಜೂನ್ ತಿಂಗಳ 3ರಂದು ಕೊರಿಯಾದ ಇನ್ನೊಂದು ಊರು ಉಲ್ಸಾನ್‌ನಲ್ಲಿ ಏನಾಯಿತು? ಬ್ರೆಜಿಲ್ ಎದುರು ಟರ್ಕಿ ಆಡುತ್ತಿತ್ತು. ರೆಫರಿ ಕೊರಿಯಾದವರು. ಪೆನಾಲ್ಟಿ ಚೌಕದ ಹೊರಗೆ ಆದ ತಪ್ಪಿಗೆ ಪೆನಾಲ್ಟಿ ಕೊಟ್ಟರು. ಕಾಲಿಗೆ ಚೆಂಡು ಬಿದ್ದರೂ ರಿವಾಲ್ಡೊ ಮುಖ ಹಿಡಿದುಕೊಂಡು ಉರುಳಿದ್ದಕ್ಕೆ ಟರ್ಕಿಯ ಆಟಗಾರನನ್ನೇ ಹೊರಗೆ ಕಳಿಸಿದರು. ಟರ್ಕಿಯಲ್ಲಿ ಜನ ಕೆಂಡವಾದರು. ಇಷ್ಟಾದ ಮೇಲೆ ದೇಗುವಿನಲ್ಲಿ ಕೊರಿಯಾದ ಪ್ರೇಕ್ಷಕರು ಟರ್ಕಿಯ ದೊಡ್ಡ ಬಾವುಟ ಬಿಚ್ಚಿದರು. ಉಲ್ಸಾನ್ ಹೇಳದೆ ದೇಗು ಹೇಳಿದರೆ ಆ ಬಾವುಟದ ತೂಕ ಯಾರಿಗೆ ಗೊತ್ತಾಗಬೇಕು?

ಟರ್ಕಿಯ ಇಜ್ಮಿತ್‌ನಲ್ಲಿರುವ ಕೊರಿಯಾದ ಹ್ಯುಂಡೈ ಕಾರ್ಖಾನೆ, ಕೊರಿಯಾದ ಕಂಪನಿಗಳೂ ಸೇರಿ ಟರ್ಕಿಯಲ್ಲಿ ಕಟ್ಟಿದ 2022ರ ಚನಕ್ಕಲೆ ಸೇತುವೆ ಒಂದು ಪ್ಯಾರಾದಲ್ಲಿ ಮುಗಿಯಲಿ. ಟರ್ಕಿ ಕೊರಿಯಾಕ್ಕೆ ಮಾರುವುದಕ್ಕಿಂತ ಕೊರಿಯಾದಿಂದ ಕೊಳ್ಳುವುದೇ ತುಂಬಾ ಜಾಸ್ತಿ ಅನ್ನುವುದೂ ಅಲ್ಲೇ ಬರಲಿ. 2023ರ ಟರ್ಕಿ ಭೂಕಂಪಕ್ಕೆ ಕೊರಿಯಾ ನೂರಕ್ಕೂ ಹೆಚ್ಚು ಜನರ ರಕ್ಷಣಾ ತಂಡ ಕಳಿಸಿದ್ದನ್ನು ಚೆನ್ನಾಗಿ ಬರೆದಿದ್ದೀರಿ, ಅದನ್ನು ಮುಟ್ಟಬೇಡಿ.

ಕೊನೆಯದಾಗಿ ಕೊಡಗಿನ ಜನರಲ್ ತಿಮ್ಮಯ್ಯ. ಕನ್ನಡದ ಓದುಗರಿಗೆ ಹತ್ತಿರವಾಗಲಿ ಅಂತ ಅವರನ್ನು ಎಳೆದು ತಂದಿದ್ದೀರಿ. 1953ರಲ್ಲಿ ಅವರು ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ ಕೊರಿಯಾದಲ್ಲಿದ್ದದ್ದು ನಿಜ. ಆದರೆ ಅವರ ಸುಪರ್ದಿಗೆ ಬಂದವರು ತಾಯ್ನಾಡಿಗೆ ಮರಳಲು ಒಪ್ಪದ ಯುದ್ಧಕೈದಿಗಳು. ಅವರಲ್ಲಿ ಚೀನೀಯರಿದ್ದರು, ಕೊರಿಯನ್ನರಿದ್ದರು, ಕೆಲವು ಅಮೆರಿಕನ್ನರೂ ಒಬ್ಬ ಬ್ರಿಟಿಷನೂ ಇದ್ದರು. ಟರ್ಕಿಯವರು ಒಬ್ಬರೂ ಇರಲಿಲ್ಲ. ಹಾಗಾಗಿ ಈ ಲೇಖನದಲ್ಲಿ ತಿಮ್ಮಯ್ಯ ಬೇಡ. ಅವರ ಬಗ್ಗೆ ಬೇರೆಯದೇ ಲೇಖನ ಬರೆದರೆ ಖಂಡಿತ ಓದುತ್ತೇನೆ. ಇದನ್ನು ಮಾತ್ರ ಅರ್ಧಕ್ಕೆ ಇಳಿಸಿ, ಸುವೊನ್ ಶಾಲೆಯಿಂದ ಶುರು ಮಾಡಿ ಕಳಿಸಿ.