ಹಳೆಯ ಪ್ರಿಂಟ್ ಕಂಟ್ರೋಲರ್‌ನ ಸಿಸ್ಟಮ್ ಫೈಲ್‌ಗಳನ್ನು ಟೇಪಿಗೆ ಬ್ಯಾಕಪ್ ಮಾಡಲು ಟಾರ್ ಸಾಕೇ?

ನಿಮ್ಮ ಪ್ರಿಂಟರನ್ನು ನಡೆಸುವ ಕಂಟ್ರೋಲರ್ ಅಂದರೆ ಅದರ ಪಕ್ಕ ಇರುವ, ಸೋಲಾರಿಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಹಾಕಿದ ಸನ್ ಕಂಪನಿಯ ಮಷೀನು, ಜೊತೆಗೊಂದು ಡ್ಯಾಟ್ ಡ್ರೈವ್ (ಸಣ್ಣ ಕ್ಯಾಸೆಟ್ಟಿನಂಥ ಟೇಪಿಗೆ ಬರೆಯುವ ಡ್ರೈವ್) ಅಂದಿದ್ದೀರಿ. ಫಾಂಟು, ಫಾರ್ಮ್‌ಗಳ ಫೋಲ್ಡರಿಗಾದರೆ ಟಾರ್ (ಫೈಲ್‌ಗಳನ್ನು ಒಟ್ಟಿಗೆ ಕಟ್ಟಿಡುವ ಕಮಾಂಡ್) ಸಾಕು. ಡಿಸ್ಕೇ ಕೈಕೊಟ್ಟಾಗ ಇಡೀ ಸಿಸ್ಟಮ್ ಮತ್ತೆ ಏಳಬೇಕು ಅಂದರೆ ಯುಎಫ್‌ಎಸ್‌ಡಂಪ್ ಬಳಸಿ. ಡಿಸ್ಕಿನ ಒಂದೊಂದು ಭಾಗವನ್ನು, ಅಂದರೆ ಪಾರ್ಟಿಷನ್ನನ್ನು, ಇಡಿಯಾಗಿ ನಕಲು ತೆಗೆಯುವ ಸೋಲಾರಿಸ್ ಕಮಾಂಡ್ ಅದು; ಆ ನಕಲೇ ಡಂಪ್. ಇಂಥ ಮಷೀನುಗಳನ್ನು ನೋಡಿಕೊಳ್ಳುತ್ತಿದ್ದಾಗ ನಾನು ಬಳಸುತ್ತಿದ್ದದ್ದೂ ಅದನ್ನೇ.

ಮೊದಲು ಪ್ರಿಂಟ್ ಕ್ಯೂ ಖಾಲಿ ಮಾಡಿ, ಮಷೀನನ್ನು ಸಿಂಗಲ್ ಯೂಸರ್ ಮೋಡಿಗೆ (ಬೇರೆ ಕೆಲಸಗಳೆಲ್ಲ ನಿಂತಿರುವ ಸ್ಥಿತಿಗೆ) ತನ್ನಿ. ಕೆಲಸ ನಡೆಯುತ್ತಿರುವಾಗಲೇ ಡಂಪ್ ತೆಗೆದರೆ ಕೆಲವು ಫೈಲ್‌ಗಳು ಅರ್ಧಂಬರ್ಧ ಸೇರಿಕೊಳ್ಳಬಹುದು. ಸ್ಪೂಲ್ (ಪ್ರಿಂಟ್ ಆಗಬೇಕಾದ ಫೈಲ್‌ಗಳು ಕಾಯುವ ಜಾಗ) ಬೇರೆ ಪಾರ್ಟಿಷನ್‌ನಲ್ಲಿದ್ದರೆ ಅದನ್ನು ಬಿಟ್ಟುಬಿಡಿ. ಮೊನ್ನೆ ಪ್ರಿಂಟ್ ಆಗಿಹೋದ ಬಿಲ್ಲುಗಳನ್ನು ಟೇಪಿಗೆ ಹಾಕಿ ಏನು ಮಾಡೋದು, ಅಲ್ವಾ?

ಜನ ಜಾಸ್ತಿ ಎಡವುವುದು ಟೇಪ್ ಡ್ರೈವಿನ ಹೆಸರಿನಲ್ಲಿ. ಸೋಲಾರಿಸ್‌ನಲ್ಲಿ ಒಂದೇ ಡ್ರೈವಿಗೆ ಹಲವು ಹೆಸರುಗಳಿವೆ. ಕೊನೆಗೆ 'ಎನ್' ಇಲ್ಲದ ಹೆಸರು ಕೊಟ್ಟರೆ, ಡಂಪ್ ಮುಗಿದ ಕೂಡಲೇ ಟೇಪ್ ಶುರುವಿಗೆ ಸುತ್ತಿಕೊಳ್ಳುತ್ತದೆ. ರೂಟ್ ಪಾರ್ಟಿಷನ್ (ಸಿಸ್ಟಮ್ಮಿನ ಮುಖ್ಯ ಭಾಗ) ಆದ ಮೇಲೆ ಇನ್ನೊಂದನ್ನು ಹಾಕಿದಿರೋ, ಅದು ರೂಟ್ ಮೇಲೇ ಬರೆದುಕೊಳ್ಳುತ್ತದೆ. ಯಾವ ತಕರಾರೂ ತೋರಿಸುವುದಿಲ್ಲ! ಹಾಗಾಗಿ 'ಎನ್' ಇರುವ ಹೆಸರನ್ನೇ ಕೊಡಿ. ಯಾವುದಾದ ಮೇಲೆ ಯಾವುದು ಅನ್ನುವುದನ್ನು ಟೇಪಿನ ಲೇಬಲ್ ಮೇಲೆ ಬರೆದಿಡಿ. ಮೂರನೆಯ ಡಂಪ್ ಬೇಕಾದಾಗ ಟೇಪನ್ನು ಹಿಂದೆ ಮುಂದೆ ಓಡಿಸುವ ಎಂಟಿ ಕಮಾಂಡಿನಿಂದ ಮೊದಲ ಎರಡನ್ನು ದಾಟಿಸಬೇಕಾಗುತ್ತದೆ.

ಡಬ್ಬಿಯ ಮೇಲಿನ ಅಳತೆಯನ್ನು ಪೂರ್ತಿ ನಂಬಬೇಡಿ. ಡಿಡಿಎಸ್-3 (ಡ್ಯಾಟ್ ಟೇಪಿನ ಒಂದು ಬಗೆ) ಟೇಪಿನ ಮೇಲೆ 24 ಜಿಬಿ ಅಂತಿದ್ದರೂ ನಿಜಕ್ಕೆ ಹಿಡಿಯುವುದು 12. ಉಳಿದದ್ದು ಕಂಪ್ರೆಷನ್ ಲೆಕ್ಕ.

ಟೇಪಿಗೆ ಬಾರದ ಸಂಗತಿಗಳೂ ಇವೆ. ಡಿಸ್ಕನ್ನು ಹೇಗೆ ಭಾಗ ಮಾಡಿದ್ದಾರೆ ಅನ್ನುವುದು ಡಂಪ್‌ನಲ್ಲಿ ಇರುವುದಿಲ್ಲ. ಅದನ್ನು ತೋರಿಸುವ ಪಿಆರ್‌ಟಿವಿಟಿಒಸಿ ಕಮಾಂಡ್ ಕೊಡುವ ಪಟ್ಟಿಯನ್ನು ಕಾಗದದ ಮೇಲೆ ಪ್ರಿಂಟ್ ತೆಗೆದಿಡಿ, ಪ್ರಿಂಟರಿಗೇನು ಬರ! ಹೋಸ್ಟ್ ಐಡಿಯನ್ನೂ (ಆ ಮಷೀನಿನ ಗುರುತಿನ ಸಂಖ್ಯೆ) ಬರೆದುಕೊಳ್ಳಿ. ಅದು ಡಿಸ್ಕಿನಲ್ಲಿಲ್ಲ, ಬೋರ್ಡಿನ ಮೇಲಿನ ಒಂದು ಚಿಪ್‌ನಲ್ಲಿದೆ. ಆ ಚಿಪ್‌ನೊಳಗಿನ ಬ್ಯಾಟರಿ ಸತ್ತರೆ ಐಡಿಯೂ ಹೋಗುತ್ತದೆ. ಪ್ರಿಂಟ್ ಸಾಫ್ಟ್‌ವೇರಿನ ಲೈಸೆನ್ಸ್ ಅದಕ್ಕೆ ಕಟ್ಟಿದ್ದರೆ, ಟೇಪು ಎಷ್ಟೇ ಚೆನ್ನಾಗಿದ್ದರೂ ಪ್ರಿಂಟರ್ ಕೆಲಸ ಮಾಡಲ್ಲ.

ಟೇಪಿಗೆ ಬರೆದಾದ ಮೇಲೆ, ಡಂಪನ್ನು ವಾಪಸ್ ಇಳಿಸುವ ಯುಎಫ್‌ಎಸ್‌ರಿಸ್ಟೋರ್ ಕಮಾಂಡಿನಿಂದ ಸುಮ್ನೆ ಫೈಲ್‌ಗಳ ಪಟ್ಟಿ ನೋಡಿ ಬಿಡಬೇಡಿ. ಒಂದೆರಡು ದೊಡ್ಡ ಫೈಲ್‌ಗಳನ್ನು ಬೇರೆ ಜಾಗಕ್ಕೆ ಇಳಿಸಿ, ಮೂಲದ ಜೊತೆ ಹೋಲಿಸಿ. ಆಮೇಲೆ ಟೇಪಿನ ಮೇಲೆ ಮತ್ತೆ ಬರೆಯದಂತೆ ತಡೆಯುವ ಪುಟ್ಟ ಪ್ಲಾಸ್ಟಿಕ್ ಗುಂಡಿಯನ್ನು ಸರಿಸಿ.

ವಾಪಸ್ ತರುವಾಗ ಸೋಲಾರಿಸ್ ಸಿಡಿಯಿಂದ ಬೂಟ್ ಮಾಡಿ, ಪಾರ್ಟಿಷನ್ ಹಾಕಿ, ಅದರಲ್ಲಿ ಖಾಲಿ ಫೈಲ್ ಸಿಸ್ಟಮ್ ಮಾಡುವ ನ್ಯೂಎಫ್‌ಎಸ್ ಓಡಿಸಿ, ಆಮೇಲೆ ಡಂಪ್ ಇಳಿಸಬೇಕು. ಕೊನೆಗೆ ಡಿಸ್ಕಿಗೆ ಬೂಟ್ ಕೋಡ್ ಬರೆಯುವ ಇನ್‌ಸ್ಟಾಲ್‌ಬೂಟ್ ಮರೆಯಬೇಡಿ. ಅದಿಲ್ಲದಿದ್ದರೆ ಫೈಲ್‌ಗಳೆಲ್ಲ ಇರುತ್ತವೆ, ಮಷೀನು ಮಾತ್ರ ಬೂಟ್ ಆಗುವುದಿಲ್ಲ.

ಹಳೆಯ ಡ್ರೈವುಗಳ ಹೆಡ್ ಸ್ವಲ್ಪ ಓರೆಯಾಗಿದ್ದರೆ ಅದು ಬರೆದ ಟೇಪನ್ನು ಬೇರೆ ಡ್ರೈವ್ ಓದದೇ ಇರಬಹುದು. ನೆಟ್‌ವರ್ಕ್ ಇದ್ದರೆ ಅದೇ ಡಂಪನ್ನು ಇನ್ನೊಂದು ಕಂಪ್ಯೂಟರಿನ ಡಿಸ್ಕಿಗೂ ಒಂದು ಫೈಲ್ ಆಗಿ ಹಾಕಿಡಿ. ಯುಎಫ್‌ಎಸ್‌ಡಂಪ್‌ಗೆ ಟೇಪಿನ ಬದಲು ಫೈಲಿನ ಹೆಸರು ಕೊಟ್ಟರೂ ನಡೆಯುತ್ತದೆ.